ಪಶ್ಚಿಮಕ್ಕೆ ತಿರುಗಿದ ಕನ್ನಡಿಗಳು

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಡೇರಿಯ ತಾರಸಿಯಿಂದ ಕೂಗು ಕೇಳಿಸಿತು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂದರೆ, ಕೆಳಗೆ ಊಟದ ಕೋಣೆಯಲ್ಲಿದ್ದ ಆರು ಮಂದಿಯೂ ಗಾಬರಿಯಲ್ಲಿ ಮೊದಲು ನೋಡಿದ್ದು ಗೋಡೆ ಗಡಿಯಾರವನ್ನು. ಮನುಷ್ಯರ ಬುದ್ಧಿಯೇ ಹಾಗೆ.

ಮೊದಲು ಮೇಲೆ ಓಡಿದವಳು ಕಸ ಗುಡಿಸುವ ಅಕ್ಕ. ಮೂರನೇ ಸಾಲಿನ ಕನ್ನಡಿಗಳ ಕೆಳಗೆ, ಅವನ್ನು ನೋಡಿಕೊಳ್ಳುವ ಕನ್ನಡಿ ಮಾಮ ಬಿದ್ದಿದ್ದ. ಮೇಲಿನ ಕೊಳವೆಯಿಂದ ಬಿಳಿ ಹಬೆ ಬುಸುಗುಡುತ್ತಿತ್ತು. ಅವನ ಎರಡೂ ಕೈ, ಎದೆ, ಕುತ್ತಿಗೆ ಬೆಂದಿದ್ದವು. ಅವನ ಮೇಲೆ ಬಗ್ಗಿ ನಿಂತಿದ್ದವನು ಕೆಳಗೆ ಬಾಯ್ಲರ್ ನಡೆಸುವ ಬಾಯ್ಲರಣ್ಣ. ಅಕ್ಕ ಕಿರುಚಿಕೊಂಡಳು.

"ಅಯ್ಯೋ, ಕೊಂದ್ಬಿಟ್ನಲ್ಲಪ್ಪಾ ಇವನು!"

ಆ ಒಂದು ಮಾತಿಗೆ ಪೊಲೀಸರನ್ನು ಕರೆದರು. ಪೊಲೀಸರು ಅಂದರೆ ಇನ್ಸ್‌ಪೆಕ್ಟರ್ ಮೇಡಂ, ಮತ್ತು ದಫೇದಾರನಾದ ನಾನು. ಮೇಡಂಗೆ ನನ್ನ ಮಗಳ ವಯಸ್ಸು, ಬೈಯುವುದರಲ್ಲಿ ಮಾತ್ರ ನನ್ನ ಅಜ್ಜಿ. ನನಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಮೊಣಕಾಲುಗಳು ಆಗಲೇ ನಿವೃತ್ತಿ ತೆಗೆದುಕೊಂಡಿವೆ. ಆ ಡೇರಿಯ ತಾರಸಿಗೆ ಎಪ್ಪತ್ನಾಲ್ಕು ಮೆಟ್ಟಿಲು. ಎಣಿಸಿಕೊಂಡೇ ಹತ್ತಿದೆ, ಶಪಿಸಿಕೊಂಡೇ ಹತ್ತಿದೆ.

ಈ ಡೇರಿ ನಮಗೆ ಹೊಸದೇನಲ್ಲ. ಹದಿನೈದು ದಿನದ ಹಿಂದೆ ಶಿಶುವಿಹಾರದ ಇಪ್ಪತ್ತು ಮಕ್ಕಳು ವಾಂತಿ, ಭೇದಿ ಅಂತ ಆಸ್ಪತ್ರೆ ಸೇರಿದ್ದವು. ಕುಡಿದದ್ದು ಇಲ್ಲಿಯ ಹಾಲು. ಬಂದು ವಿಚಾರಿಸಿದಾಗ ಮ್ಯಾನೇಜರ್ ಒಂದು ದುಂಡನೆಯ ಕಾಗದ ಮುಂದೆ ಹಿಡಿದಿದ್ದ. ಹಾಲು ಎಷ್ಟು ಬಿಸಿಯಾಯಿತು ಅನ್ನುವುದನ್ನು ಯಂತ್ರದ ಮುಳ್ಳು ಆ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಗೆರೆ ಎಪ್ಪತ್ತಮೂರು ಡಿಗ್ರಿಯಲ್ಲಿ ನೆಟ್ಟಗಿತ್ತು. ಎಪ್ಪತ್ತೆರಡು ಮುಟ್ಟಿದರೆ ಸಾಕು, ರೋಗಾಣುಗಳು ಸಾಯುತ್ತವೆ. ನಾವು ತೆಪ್ಪಗೆ ವಾಪಸು ಹೋಗಿದ್ದೆವು. ಹತ್ತೊಂಬತ್ತು ಮಕ್ಕಳು ಮನೆಗೆ ಹೋದವು. ಒಂದು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಅವತ್ತಿನಿಂದ ನಾನು ಚಹಾಕ್ಕೂ ಹಾಲು ಹಾಕಿಸಿಕೊಂಡಿಲ್ಲ.

ತಾರಸಿಯಲ್ಲಿ ಎಂಟು ಸಾಲು ಕನ್ನಡಿಗಳು. ಉದ್ದಕ್ಕೆ ಸೀಳಿದ ಪೀಪಾಯಿಯ ಆಕಾರ. ಪ್ರತಿ ಸಾಲಿನ ನಡುವೆ ಒಂದು ಕಪ್ಪು ಕೊಳವೆ.

"ಬಿಸಿಲು ಕನ್ನಡಿಗೆ ಬಿದ್ದು ಈ ಕೊಳವೆ ಮೇಲೆ ಸೇರುತ್ತೆ, ಮೇಡಂ. ಒಳಗೆ ಒತ್ತಡದಲ್ಲಿರೋ ನೀರು ನೂರು ಡಿಗ್ರಿ ದಾಟಿ ಕಾಯುತ್ತೆ, ತೊಟ್ಟಿಗೆ ಸೇರುತ್ತೆ. ಆ ಶಾಖದಲ್ಲೇ ಕೆಳಗೆ ಹಾಲು ಬಿಸಿ ಮಾಡ್ತೀವಿ. ಮೋಡ ಇದ್ದಾಗ ಮಾತ್ರ ಬಾಯ್ಲರ್." ಮ್ಯಾನೇಜರ್ ಬೆವರು ಒರೆಸಿಕೊಂಡ. "ಕನ್ನಡಿಗಳು ದಿನವಿಡೀ ಸೂರ್ಯನ ಜತೆ ತಾವೇ ತಿರುಗ್ತವೆ."

"ಅಪಘಾತ ಹೇಗಾಯ್ತು?" ಮೇಡಂ ಕೇಳಿದರು.

"ಅವರದ್ದೇ ತಪ್ಪು, ಪಾಪ. ಒಂದರಿಂದ ಎರಡರ ತನಕ ಕೆಳಗೆ ಯಂತ್ರ ತೊಳೀತೀವಿ, ಶಾಖ ಬೇಕಾಗಲ್ಲ. ಕೊಳವೆ ರಿಪೇರಿ ಆಗಲೇ ಮಾಡೋದು. ಮೊದಲು ಈ ಪೆಟ್ಟಿಗೇಲಿರೋ ಗುಂಡಿ ಒತ್ತಿ ಕನ್ನಡೀನ ಪೂರ್ವಕ್ಕೆ ಸ್ವಲ್ಪ ಹಿಂದೆ ತಿರುಗಿಸ್ಬೇಕು. ಆಮೇಲೆ ಅದು ಸೂರ್ಯನ ಹಿಂದೆ ಹೋಗಲ್ಲ, ಅಲ್ಲೇ ನಿಲ್ಲುತ್ತೆ. ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಕುತ್ತಿಗೆಗೆ ನೇತುಹಾಕ್ಕೊಳ್ಬೇಕು. ಕೆಲಸ ಮುಗಿಯೋ ತನಕ ಬೇರೆ ಯಾರೂ ಮುಟ್ಟಬಾರ್ದಲ್ಲ, ಅದಕ್ಕೆ. ಕೀಲಿಯೇನೋ ಅವರ ಕುತ್ತಿಗೇಲೇ ಇತ್ತು. ಆದ್ರೆ ನೋಡಿ."

ಅವನು ಮೂರನೇ ಸಾಲು ತೋರಿಸಿದ. ಕನ್ನಡಿ ಪಶ್ಚಿಮದ ಕಡೆ ವಾಲಿತ್ತು.

"ತಪ್ಪು ಗುಂಡಿ ಒತ್ತಿದ್ದಾರೆ. ಪೂರ್ವದ ಬದಲು ಪಶ್ಚಿಮ. ಸೂರ್ಯ ನಡೀತಾ ನಡೀತಾ ಕನ್ನಡಿ ಎದುರಿಗೇ ಬಂದ್ಬಿಟ್ಟ. ಕೊಳವೆ ನೀರು ಕುದ್ದು, ಅವರು ಬಿಚ್ಚಿದ್ದ ಜಾಗದಿಂದ ಮೈಮೇಲೆ ಚಿಮ್ಮಿದೆ. ವಯಸ್ಸಾಯ್ತು, ಏನು ಮಾಡೋಕಾಗುತ್ತೆ."

"ಬಾಯ್ಲರಣ್ಣ ಇಲ್ಲೇನ್ ಮಾಡ್ತಿದ್ದ?" ನಾನು ಕೇಳಿದೆ.

ಮ್ಯಾನೇಜರ್ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. "ಅವರಿಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಈ ಕನ್ನಡಿ ಬಂದ ಮೇಲೆ ಮೂರು ಬಾಯ್ಲರ್ ಇದ್ದದ್ದು ಒಂದಾಯ್ತಲ್ಲ."

\* \* \*

ಬಾಯ್ಲರಣ್ಣ ಆನೆಯಂಥ ಆಳು. ಮೊಣಕೈವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿದ್ದ.

"ಹೋದ ವಾರ ಜಗಳ ಆಡಿದ್ಯಂತೆ," ಅಂದರು ಮೇಡಂ.

"ಆಡಿದ್ದೆ. ವಾರಕ್ಕೊಂದ್ಸಲ ಆಡ್ತೀನಿ. ನಿನ್ನ ಕನ್ನಡೀನ ಕಲ್ಲು ಹೊಡೆದು ಒಡೀತೀನಿ ಅಂದಿದ್ದೆ. ನಿನ್ನ ಬಾಯ್ಲರ್ ಒಳಗೆ ಕೂತ್ಕೊಂಡು ಅತ್ಕೋ ಹೋಗು ಅಂದಿದ್ದ ಅವನು."

"ಒಂದೂವರೆಗೆ ತಾರಸೀಲಿ ಏನ್ ಕೆಲಸ?"

"ಮೆಟ್ಟಿಲ ಮೇಲೆ ಬೀಡಿ ಸೇದ್ತಿದ್ದೆ. ಹಬೆ ಸದ್ದು ಕೇಳಿಸ್ತು. ಮೂವತ್ತು ವರ್ಷ ಬಾಯ್ಲರ್ ಪಕ್ಕ ಬದುಕಿದೀನಿ, ಯಾವ ಸದ್ದು ಯಾವುದು ಅಂತ ನಂಗೊತ್ತು. ಓಡಿದೆ."

"ಯಾರಾದ್ರೂ ನೋಡಿದ್ರಾ?"

"ಬೀಡಿ ಸೇದೋದನ್ನ ಯಾರಿಗಾದ್ರೂ ತೋರಿಸ್ಕೊಂಡು ಸೇದ್ತಾರಾ? ಡೇರೀಲಿ ಸೇದಂಗಿಲ್ಲ."

ಸಾಕ್ಷಿ ಇಲ್ಲ. ಹಳೇ ದ್ವೇಷ ಇದೆ. ಸ್ಥಳದಲ್ಲೇ ಸಿಕ್ಕಿದ್ದಾನೆ. ನನ್ನ ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಇದಕ್ಕಿಂತ ಸುಲಭದ ಕೇಸು ಬಂದಿರಲಿಲ್ಲ. ನಾನು ಹಾಗೆಂದೆ.

"ಕೀಲಿ ಮಾಮನ ಕುತ್ತಿಗೇಲಿತ್ತು ದಫೇದಾರ್ರೇ," ಮೇಡಂ ಮೂಗು ಮುರಿದರು. "ಬೀಗ ಹಾಕಿದ ಪೆಟ್ಟಿಗೇನ ಇವನು ಮಂತ್ರ ಹಾಕಿ ತೆಗೆದ್ನಾ?"

ನನ್ನ ಸುಲಭದ ಕೇಸು ಅಲ್ಲಿಗೇ ಮುಗಿಯಿತು. ಆದರೂ ಅವನನ್ನು ಬಿಡಲಿಲ್ಲ. ಬಿಟ್ಟರೆ ಡೇರಿಯವರೇ ಅವನನ್ನು ಹೊಡೆಯುವಂತಿದ್ದರು.

\* \* \*

ಕನ್ನಡಿ ಮಾಮನ ಮಗಳು ಅದೇ ಡೇರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುವವಳು. ಅವಳ ಗಂಡ ಅಲ್ಲೇ ಇಂಜಿನಿಯರು. ಕಾರ್ಮಿಕರೆಲ್ಲ ಬೆನ್ನ ಹಿಂದೆ ಅವನನ್ನು 'ಅಳಿಯ ಸಾಹೇಬ್ರು' ಅನ್ನುತ್ತಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಅವನ ಕಣ್ಣು ಕೆಂಪಾಗಿತ್ತು. ಅವಳು ಇನ್ನೂ ಬಿಳಿ ಕೋಟು ಬಿಚ್ಚಿರಲಿಲ್ಲ.

"ಯಾರ ಮೇಲೂ ಕಂಪ್ಲೇಂಟ್ ಬೇಡ ಮೇಡಂ," ಅಳಿಯ ಹೇಳಿದ. "ಬಾಯ್ಲರಣ್ಣನ್ನ ಬಿಟ್ಬಿಡಿ, ಪಾಪ. ಮಾವನ ಕೈ ತಪ್ಪಿದೆ ಅಷ್ಟೆ. ನಾನು ಆಗ ಊಟಕ್ಕೆ ಕೂತಿದ್ದೆ, ಇಲ್ಲದಿದ್ರೆ..."

"ಅಪ್ಪನ ಕೈ ತಪ್ಪಲ್ಲ!" ಅವಳು ತಟ್ಟನೆ ಅಂದಳು. "ಹನ್ನೊಂದು ವರ್ಷದಿಂದ ಅದೇ ಕೆಲಸ. ನಾನು ಸ್ಕೂಲಿಗೆ ಹೋಗ್ತಿದ್ದಾಗಲೇ ಹೇಳಿಕೊಡ್ತಿದ್ರು. ಕನ್ನಡಿ ಯಾವತ್ತೂ ಸೂರ್ಯ ದಾಟಿ ಬಂದ ಕಡೆಗೆ ತಿರುಗಿಸ್ಬೇಕು ಮಗಳೇ, ಹೋಗೋ ಕಡೆಗಲ್ಲ, ಸೂರ್ಯ ಹಿಂದಕ್ಕೆ ಬರಲ್ಲ ಅಂತ. ಹನ್ನೆರಡು ಎಣಿಸೋ ತನಕ ಪೂರ್ವದ ಗುಂಡಿ ಒತ್ತೋದು. ಅಷ್ಟೇ. ನಿದ್ದೇಲೂ ಮಾಡ್ತಾರೆ ಅದನ್ನ."

"ವಯಸ್ಸಾದವರು..." ಅಂದೆ ನಾನು, ಸಮಾಧಾನದ ದನಿಯಲ್ಲಿ.

ಅವಳು ನನ್ನ ಮೇಲೆ ಹರಿಹಾಯ್ದಳು. "ತಪ್ಪು ಅವರದ್ದು ಅಂತ ನೀವು ಬರೆದ್ರೆ ಅವರನ್ನ ಮತ್ತೆ ಆ ತಾರಸಿ ಹತ್ತಿಸಲ್ಲ, ಗೊತ್ತಾ? ಹುಷಾರಾಗಿ ಬಂದ್ರೂ ಬದುಕಿದ್ದೂ ಸತ್ತ ಹಾಗೆ ಅವರಿಗೆ. ನನಗೆ ಬೇರೇನೂ ಬೇಡ. ಅಪ್ಪನ ಕೈ ತಪ್ಪಿಲ್ಲ ಅಂತ ನೀವು ತೋರಿಸ್ಕೊಡಿ. ಏನೇ ಹೊರಗೆ ಬಂದ್ರೂ ಪರವಾಗಿಲ್ಲ."

ಏನೇ ಹೊರಗೆ ಬಂದರೂ. ಆ ಮಾತನ್ನು ನಾನು ಈಗಲೂ ಮರೆತಿಲ್ಲ.

ಒಳಗೆ ಮಾಮ ಮಲಗಿದ್ದ. ಎದೆಯಿಂದ ಗಲ್ಲದವರೆಗೆ ಬ್ಯಾಂಡೇಜು. ದಪ್ಪ ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿದಿತ್ತು ಅಂದರು ಡಾಕ್ಟರು.

"ಏನಾಯ್ತು ಹೇಳಿ ಮಾಮ," ಮೇಡಂ ಬಗ್ಗಿ ಕೇಳಿದರು.

"ನನ್ನದೇ ತಪ್ಪು, ತಾಯಿ. ಗುಂಡಿ ತಪ್ಪಾಗಿ ಒತ್ತಿದೆ."

"ನಿಮ್ಮ ಮಗಳು ಹಾಗನ್ನಲ್ಲ."

ಮುದುಕ ಕಣ್ಣು ಮುಚ್ಚಿಕೊಂಡ. "ಅವಳಿಗೇನ್ ಗೊತ್ತು? ನನ್ನದೇ ತಪ್ಪು ಅಂತ ಬರ್ಕೊಳ್ಳಿ. ಕೈಮುಗಿಯೋಕೂ ಆಗ್ತಿಲ್ಲ ನಂಗೆ, ಮುಗಿದೆ ಅಂತ ತಿಳ್ಕೊಳ್ಳಿ."

ಕಳ್ಳರು ತಪ್ಪಿಲ್ಲ ಅಂತ ಬೇಡಿಕೊಳ್ಳುವುದನ್ನು ದಿನಾ ನೋಡುತ್ತೇನೆ. ತಪ್ಪು ನನ್ನದೇ ಅಂತ ಒಬ್ಬ ಬೇಡಿಕೊಂಡದ್ದು ಅದೇ ಮೊದಲು. ನನಗೆ ಏನೋ ಸರಿಕಾಣಲಿಲ್ಲ.

\* \* \*

ಮರುದಿನ ಬೆಳಿಗ್ಗೆ ಮತ್ತೆ ಎಪ್ಪತ್ನಾಲ್ಕು ಮೆಟ್ಟಿಲು.

ಆಸ್ಪತ್ರೆಯಿಂದ ತಂದ ಕೀಲಿಯಿಂದ ಮೇಡಂ ಮೂರನೇ ಸಾಲಿನ ಪೆಟ್ಟಿಗೆ ತೆಗೆದರು. ಎರಡು ಗುಂಡಿ. ಎಡದ್ದು ಪೂರ್ವ, ಬಲದ್ದು ಪಶ್ಚಿಮ. ಎಡದ್ದು ಒತ್ತಿದರು. ಕನ್ನಡಿ ಪೂರ್ವಕ್ಕೆ ತಿರುಗಿತು. ಬಲದ್ದು ಒತ್ತಿದರು. ಪಶ್ಚಿಮಕ್ಕೆ ಬಂತು.

"ಎಲ್ಲಾ ಸರಿ ಇದೆ. ಮುದುಕನೇ ತಪ್ಪು ಒತ್ತಿದ್ದು," ಅಂದರು. ದನಿಯಲ್ಲಿ ನಿರಾಸೆ ಇತ್ತು.

ನಾನು ಹತ್ತಿರ ಹೋದೆ. ಎಡದ ಗುಂಡಿಯ ಸುತ್ತ ದಪ್ಪ ದಾರ ಸುತ್ತಿತ್ತು. ಪಕ್ಕದ ಸಾಲಿನ ಪೆಟ್ಟಿಗೆ ನೋಡಿದೆ. ಅಲ್ಲೂ ದಾರ. ಎಂಟಕ್ಕೆ ಎಂಟರಲ್ಲೂ ಪೂರ್ವದ ಗುಂಡಿಗೆ ದಾರ. ಕೊಳವೆಯ ನೀರು ನಿಲ್ಲಿಸುವ ತಿರುಗಣೆಗಳಿಗೆ ಗಂಟು ಹಾಕಿದ ಹಗ್ಗ: ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಮೂಲೆಯಲ್ಲಿ ಮಾಮನ ತಗಡಿನ ಡಬ್ಬಿ. ಅದರಲ್ಲಿ ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು. ದಿನಕ್ಕೊಂದು ಹಾಳೆ. ಬೋರ್ಡಿನ ಮೇಲೆ ಬರೆದ ಹಾಗೆ ದೊಡ್ಡ ದೊಡ್ಡ ಅಕ್ಷರ. 'ಒಳ್ಳೆ ಬಿಸಿಲು. ತೊಟ್ಟಿ 131.' 'ಮಧ್ಯಾಹ್ನ ಮೋಡ. ತೊಟ್ಟಿ 96.'

ಈ ದಾರ ನನಗೆ ಗೊತ್ತಿತ್ತು.

"ಮೇಡಂ, ಈ ಮನುಷ್ಯನಿಗೆ ಕಣ್ಣು ಕಾಣಲ್ಲ."

"ಏನ್ರೀ ಅಂತೀರಾ?"

"ನನಗೆ ಎರಡು ವರ್ಷದ ಹಿಂದೆ ಕಣ್ಣಲ್ಲಿ ಪೊರೆ ಬಂದಿತ್ತು. ಕೆಲಸ ಹೋಗುತ್ತೆ ಅಂತ ಒಂದು ವರ್ಷ ಮುಚ್ಚಿಟ್ಟಿದ್ದೆ. ನಿಮ್ಮಿಂದಾನೂ ಮುಚ್ಚಿಟ್ಟಿದ್ದೆ. ಬಂದೂಕಿನ ಬೀರು ಯಾವುದು, ಫೈಲಿನ ಬೀರು ಯಾವುದು ಅಂತ ತಿಳಿಯೋಕೆ ಹಿಡಿಗೆ ದಾರ ಸುತ್ತಿದ್ದೆ. ಮೆಟ್ಟಿಲು ಎಣಿಸೋ ಚಟ ನಂಗೆ ಅಂಟಿದ್ದು ಆಗಲೇ."

ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದರ ಲೆಕ್ಕ ಆಮೇಲೆ ಚುಕ್ತಾ ಮಾಡ್ತೀನಿ. ಈಗ ಇದನ್ನ ಹೇಳಿ. ಕಣ್ಣು ಕಾಣದೋನು ತಪ್ಪು ಗುಂಡಿ ಒತ್ತೋದು ಸಹಜ ತಾನೇ?"

"ಅಲ್ಲ ಮೇಡಂ. ಕಣ್ಣಿರೋನು ಮಾತಾಡ್ತಾ, ಎಲ್ಲೋ ನೋಡ್ತಾ ತಪ್ಪು ಒತ್ತಾನು. ಬೆರಳಲ್ಲಿ ತಡಕಿ ದಾರ ಸಿಕ್ಕಿದ ಮೇಲೇ ಒತ್ತೋನು ತಪ್ಪೋದಿಲ್ಲ. ನಾನು ಒಂದು ವರ್ಷದಲ್ಲಿ ಒಂದು ದಿನ ಕೂಡ ಬೀರು ತಪ್ಪಲಿಲ್ಲ. ಕಣ್ಣು ಸರಿಹೋದ ಮೇಲೆ ಮೂರು ಸಲ ತಪ್ಪಿದ್ದೀನಿ."

ಮೇಡಂ ದಾರದ ಮೇಲೆ ಬೆರಳಾಡಿಸಿದರು. ಆಮೇಲೆ ಪೆಟ್ಟಿಗೆಯ ಹಿಂದಕ್ಕೆ ಹೋದರು. ಮುಂದಿನ ಬಾಗಿಲಿಗೆ ಬೀಗ. ಹಿಂದಿನ ಮುಚ್ಚಳಕ್ಕೆ ನಾಲ್ಕು ತಿರುಪು ಮಾತ್ರ. ಉಳಿದ ಏಳು ಪೆಟ್ಟಿಗೆಗಳ ತಿರುಪುಗಳು ಧೂಳು ಹಿಡಿದು ಕಪ್ಪಗಿದ್ದವು. ಮೂರನೆಯದರ ನಾಲ್ಕೂ ಹೊಸ ನಾಣ್ಯದ ಹಾಗೆ ಮಿನುಗುತ್ತಿದ್ದವು. ತೆಗೆಸಿ ನೋಡಿದೆವು. ಒಳಗೆಲ್ಲ ಬೆರಳು ದಪ್ಪ ಧೂಳು. ಗುಂಡಿಗಳ ಬೆನ್ನಿಗೆ ಕಚ್ಚಿದ ಎರಡು ತಂತಿಗಳು ಮಾತ್ರ ಸ್ವಚ್ಛ.

"ಎರಡು ತಂತಿ ಅದಲು ಬದಲು ಮಾಡಿದ್ದಾರೆ," ಮೇಡಂ ನಿಧಾನವಾಗಿ ಹೇಳಿದರು. "ಪೂರ್ವದ ಗುಂಡಿ ಒತ್ತಿದ್ರೆ ಪಶ್ಚಿಮಕ್ಕೆ ತಿರುಗೋ ಹಾಗೆ. ಕೆಲಸ ಆದ್ಮೇಲೆ ಮತ್ತೆ ಸರಿಮಾಡಿ ಇಟ್ಟಿದ್ದಾರೆ. ಎಂಥಾ ಪಾಪಿ ರೀ ಇವನು!"

ಅಷ್ಟರಲ್ಲಿ ನಾನು ನೋಟ್‌ಬುಕ್ಕು ತಿರುವುತ್ತಿದ್ದೆ. ಒಂದು ಕಡೆ ತಾರೀಖು ಹಾರಿತ್ತು. ಹಾಳೆ ಹರಿದಿದ್ದರು. ಆದರೆ ಕಣ್ಣು ಕಾಣದವನು ಒತ್ತಿ ಒತ್ತಿ ಬರೆಯುತ್ತಾನೆ. ಮುಂದಿನ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದೆ. ಅಕ್ಷರಗಳು ಉಬ್ಬು ತಗ್ಗಾಗಿ ಕಂಡವು. 'ಮಧ್ಯಾಹ್ನ ಬಂದೆ. ಮೂರನೇ ದಿನವೂ ಮೋಡ. ಬಾಯ್ಲರ್ ರಿಪೇರಿಗೆ ಬಿಚ್ಚಿದ್ದಾರೆ. ತೊಟ್ಟಿ 64.'

ತೊಟ್ಟಿಯ ನೀರೇ ಅರವತ್ನಾಲ್ಕು ಡಿಗ್ರಿ. ಬಾಯ್ಲರ್ ರಿಪೇರಿಯಲ್ಲಿದೆ. ಹಾಗಾದರೆ ಅವತ್ತು ಹಾಲು ಎಪ್ಪತ್ತಮೂರಕ್ಕೆ ಹೇಗೆ ಕಾಯಿತು? ಹಾರಿದ ತಾರೀಖು ಶಿಶುವಿಹಾರಕ್ಕೆ ಹಾಲು ಹೋದ ತಾರೀಖು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

\* \* \*

ಕಸ ಗುಡಿಸುವ ಅಕ್ಕನನ್ನು ಕರೆಸಿದೆವು.

"ಮಾಮನ್ನ ಕೆಳಗಿಳಿಸಿದ್ದು ಯಾರು?"

"ಬಾಯ್ಲರಣ್ಣಾನೇ. ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಇಳಿದ. ಕೈಯೆಲ್ಲಾ ಬೆಂದಿತ್ತು ಅವನದ್ದೂ. ನಾನು ಗಾಬರೀಲಿ ಏನೇನೋ ಬೊಬ್ಬೆ ಹೊಡೆದ್ಬಿಟ್ಟೆ ಮೇಡಂ. ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ."

"ಆಮೇಲೆ ಮೇಲೆ ಯಾರಿದ್ರು?"

"ಎಲ್ಲಾ ಇಳಿದ್ವಿ. ಅಳಿಯ ಸಾಹೇಬ್ರು ಊಟದ ಕೋಣೆಯಿಂದ ಓಡಿ ಬಂದಿದ್ರಲ್ಲ, ಅವರು ಮಾತ್ರ ಉಳಿದ್ರು. ಕರೆಂಟ್ ತೆಗೀಬೇಕು, ನೀವು ನಡೀರಿ ಅಂದ್ರು. ಆಂಬುಲೆನ್ಸ್ ಹೋಗೋ ತನಕ ಇಳೀಲೇ ಇಲ್ಲ."

ಬೆಂದ ಮಾವನನ್ನು ಹೊತ್ತುಕೊಂಡು ಇಳಿದವನು ವೈರಿ. ಅಳಿಯ ತಾರಸಿಯಲ್ಲಿ ಕರೆಂಟ್ ತೆಗೆಯುತ್ತಿದ್ದ. ಅವತ್ತು ಮೂರನೇ ಸಾಲಿನ ವಾಷರ್ ಬದಲಿಸಿ ಅಂತ ಚೀಟಿ ಬರೆದವರು ಯಾರು ಅಂತ ವಿಚಾರಿಸಿದೆವು. ಅದೂ ಅವನೇ.

"ಇದು ಸಾಲದು," ಅಂದರು ಮೇಡಂ. "ಮಾಮನಿಗೆ ಕಣ್ಣು ಕಾಣಲ್ಲ ಅಂತ ಅವನಿಗೆ ಗೊತ್ತಿತ್ತು ಅಂತ ತೋರಿಸ್ಬೇಕು. ನಾಳೆ ಒಂದಕ್ಕೆ ಎಲ್ಲರೂ ತಾರಸೀಲಿ ಸೇರ್ಬೇಕು ಅಂತ ಮ್ಯಾನೇಜರ್‌ಗೆ ಹೇಳಿಬಿಡಿ."

ಲ್ಯಾಬಿಗೆ ಹೋದೆವು. ಮಗಳು ಗಾಜಿನ ನಳಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮನೆಯಲ್ಲಿ ಕೂರಲಾಗದೆ ಬಂದಿದ್ದಳು. ಮೇಡಂ ನೇರವಾಗಿ ಕೇಳಿದರು. "ಅಪ್ಪನ ಕಣ್ಣು ಯಾವಾಗಿಂದ ಹೀಗೆ?"

ನಳಿಕೆ ಕೈಯಿಂದ ಜಾರಿತು, ಒಡೆಯಲಿಲ್ಲ.

"ಒಂದು ವರ್ಷ ಆಯ್ತು. ಆಪರೇಶನ್‌ಗೆ ರಜೆ ಹಾಕಿದ್ರೆ ಗುಟ್ಟು ರಟ್ಟಾಗುತ್ತೆ, ಮತ್ತೆ ತಾರಸಿ ಹತ್ತಿಸಲ್ಲ ಅಂತ ಹೆದರಿದ್ರು. ಯಾರಿಗೂ ಹೇಳ್ಬೇಡ ಅಂತ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ರು."

"ಕಣ್ಣಿನ ಡಾಕ್ಟರ ಹತ್ತಿರ ಯಾವತ್ತು ಹೋಗಿದ್ರಿ?"

ತಾರೀಖು ಹೇಳಿದಳು. ಹರಿದ ಹಾಳೆಯ ತಾರೀಖು. "ಬೆಳಿಗ್ಗೆ ಹೋಗಿದ್ವಿ. ಅಪ್ಪ ಮಧ್ಯಾಹ್ನ ಕೆಲಸಕ್ಕೆ ಬಂದ್ರು. ನಾನು ಇಡೀ ದಿನ ರಜೆ."

"ಅವತ್ತು ಹಾಲಿನ ಪರೀಕ್ಷೆ ಯಾರು ಮಾಡಿದ್ರು?"

"ಯಾರೂ ಇಲ್ಲ. ನಾನೊಬ್ಬಳೇ ಇರೋದು." ಅವಳ ದನಿ ನಿಧಾನವಾಯಿತು. ಲ್ಯಾಬಿನವಳು, ಲೆಕ್ಕ ಹಾಕಲು ಬಾರದವಳಲ್ಲ. "ಮೇಡಂ, ಅವತ್ತಿನ ಹಾಲು..."

"ಕಣ್ಣಿನ ವಿಷಯ ಡೇರೀಲಿ ಯಾರಿಗಾದ್ರೂ ಹೇಳಿದ್ರಾ?"

ಅವಳ ಮುಖದ ರಕ್ತವೆಲ್ಲ ಇಳಿದು ಹೋಗಿತ್ತು. ನಳಿಕೆಗಳನ್ನು ಒಂದೊಂದಾಗಿ ಗೂಡಿಗೆ ಇಟ್ಟಳು. ಎಲ್ಲ ಇಟ್ಟಾದ ಮೇಲೆ ಕೇಳಿದಳು, "ನಾಳೆ ತಾರಸೀಲಿ ಎಲ್ಲರನ್ನೂ ಸೇರಿಸ್ತೀರಂತೆ. ನಾನೂ ಬರಬಹುದಾ?"

\* \* \*

ಮರುದಿನ ಒಂದು ಗಂಟೆ. ತಾರಸಿಯಲ್ಲಿ ಮ್ಯಾನೇಜರ್, ಅಕ್ಕ, ಅಳಿಯ, ಅವನ ಹೆಂಡತಿ. ಬಾಯ್ಲರಣ್ಣನನ್ನೂ ಕರೆತಂದಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು.

"ಮಾಮ ಮಾಡಿದ್ದನ್ನೇ ಒಂದ್ಸಲ ಮಾಡಿ ನೋಡೋಣ," ಮೇಡಂ ಅಳಿಯನತ್ತ ತಿರುಗಿದರು. "ನೀವೇ ಒತ್ತಿ. ದಾರ ಇರೋ ಗುಂಡಿ. ಹನ್ನೆರಡು ಎಣಿಸಿ."

ಅವನು ಹೆಗಲು ಕುಣಿಸಿ ಗುಂಡಿ ಒತ್ತಿದ. "ಒಂದು, ಎರಡು, ಮೂ..." ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಗೆದ.

"ಯಾಕೆ? ಎಣಿಸಿ."

"ಇದು... ಪಶ್ಚಿಮಕ್ಕೆ ಹೋಗ್ತಿದೆ."

"ಹೌದು. ಬೆಳಿಗ್ಗೆ ನಾನೇ ತಂತಿ ಅದಲು ಬದಲು ಮಾಡಿಸ್ದೆ. ಮೊನ್ನೆ ಇದ್ದ ಹಾಗೆ." ಮೇಡಂ ಮುಂದೆ ಬಂದು ತಾವೇ ಗುಂಡಿ ಒತ್ತಿ ಹಿಡಿದರು. ಹನ್ನೆರಡರ ಎಣಿಕೆ ಮುಗಿಯಿತು. ಕನ್ನಡಿ ನಿಂತಿತು. "ಕೊಳವೆ ಮೇಲೆ ಈಗ ಬೆಳಕಿಲ್ಲ. ಮುಟ್ಟಿದ್ರೆ ಆರ್ತಾ ಇರುತ್ತೆ. ಇಪ್ಪತ್ನಾಲ್ಕು ನಿಮಿಷ ಆದ್ಮೇಲೆ ಸೂರ್ಯ ತಾನಾಗೇ ಇದರ ಎದುರಿಗೆ ಬರ್ತಾನೆ. ಅಷ್ಟು ಹೊತ್ತಿಗೆ ಮಾಮ ಕೊಳವೆ ಬಿಚ್ಚಿರ್ತಾನೆ. ಗುಂಡಿ ಹಿಂದಿನ ತಂತಿ ಬದಲಿಸಿದವನು ಕೆಳಗೆ ಐದು ಜನರ ಜತೆ ಊಟಕ್ಕೆ ಕೂತಿರ್ತಾನೆ. ಯಾರೂ ಮುಟ್ಟಬೇಕಾಗಿಲ್ಲ. ಬಿಸಿಲೇ ಕೆಲಸ ಮುಗಿಸುತ್ತೆ."

ಮ್ಯಾನೇಜರ್ ಕೊಳವೆಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಆದ್ರೆ ಒಂದು ತೊಡಕು. ನೀವು ಎಷ್ಟಕ್ಕೆ ಕೈ ತೆಗೆದ್ರಿ? ಮೂರಕ್ಕೆ. ಕಣ್ಣಿರೋ ಯಾರೇ ಆದ್ರೂ ಮೂರಕ್ಕೇ ಕೈ ತೆಗೀತಾರೆ. ಈ ಬೋನು ಕಣ್ಣಿರೋರಿಗಲ್ಲ. ಮಾಮನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೋನೇ ಇಟ್ಟದ್ದು."

"ಅದು ನನಗೆ ಹೇಗೆ ಗೊತ್ತಿರುತ್ತೆ?" ಅಳಿಯನ ದನಿ ಏರಿತು. "ಮಾವ ಯಾರಿಗೂ ಹೇಳಿಲ್ಲ. ನನಗಂತೂ ಈಗಲೇ ಗೊತ್ತಾಗ್ತಿರೋದು. ದೇವರಾಣೆ!"

"ನಾನೇ ಹೇಳಿದ್ದೆ."

ಎಲ್ಲರೂ ತಿರುಗಿದೆವು. ಅವಳು ಒಂದನೇ ಸಾಲಿನ ಕಂಬ ಹಿಡಿದುಕೊಂಡು ನಿಂತಿದ್ದಳು.

"ರಜೆಯ ಹಿಂದಿನ ದಿನ, ಅಡುಗೆಮನೇಲಿ. ನಾಳೆ ಪರೀಕ್ಷೆ ಮಾಡೋಕೆ ಯಾರೂ ಇರಲ್ಲ, ರಜೆ ಬೇಡ ಅಂದ್ರಿ. ಅಪ್ಪನಿಗೆ ಕಣ್ಣು ಕಾಣ್ತಿಲ್ಲ, ಕರ್ಕೊಂಡು ಹೋಗ್ಲೇಬೇಕು ಅಂದೆ. ಯಾರಿಗೂ ಹೇಳ್ಬೇಡಿ ಅಂತ ನಿಮ್ಮ ಕೈ ಹಿಡ್ಕೊಂಡು ಕೇಳಿದ್ದೆ. ಆಣೆ ಮುರಿದು ಹೇಳಿದ್ದು ನಿಮ್ಮೊಬ್ಬರಿಗೇ ರೀ. ಈ ಪ್ರಪಂಚದಲ್ಲಿ ನಿಮ್ಮೊಬ್ಬರಿಗೇ."

ಅವನು ಅವಳ ಕಡೆ ನೋಡಲಿಲ್ಲ. ಕನ್ನಡಿಯ ಕಡೆಯೂ ನೋಡಲಿಲ್ಲ. ಎಲ್ಲರೂ ಬಿಸಿಲಲ್ಲೇ ಕಾದೆವು. ಇಪ್ಪತ್ತು ನಿಮಿಷದ ಮೇಲೆ ಕೊಳವೆಯ ಅಂಚಿನಲ್ಲಿ ಬೆಳಕಿನ ಎಳೆ ಕಾಣಿಸಿತು. ನೋಡುತ್ತಿದ್ದಂತೆ ಅದು ದಪ್ಪವಾಗಿ ಕಣ್ಣು ಕುಕ್ಕುವಂತಾಯಿತು. ಖಾಲಿ ಕೊಳವೆ ಟಿಕ್ ಟಿಕ್ ಅಂತ ಸದ್ದು ಮಾಡಿತು. ನಾನು ಗಡಿಯಾರ ನೋಡಿದೆ. ಒಂದು ಇಪ್ಪತ್ತೈದು.

ಅವನು ಕುಸಿದು ಕೂತ.

\* \* \*

ಉಳಿದದ್ದನ್ನು ಠಾಣೆಯಲ್ಲಿ ಅವನೇ ಹೇಳಿದ. ಮೂರು ದಿನ ಮೋಡ, ಬಾಯ್ಲರ್ ಬಿಚ್ಚಿತ್ತು. ಹಾಲು ಅರವತ್ತು ದಾಟಲಿಲ್ಲ. ಕಾಯದ ಹಾಲನ್ನು ಯಂತ್ರದ ಕವಾಟ ತಾನಾಗಿಯೇ ಹಿಂದಕ್ಕೆ ಕಳಿಸುತ್ತದೆ. ಹೊರಗೆ ಲಾರಿಗಳು ನಿಂತಿದ್ದವು, ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಇವನು ಕವಾಟವನ್ನು ತಂತಿಯಿಂದ ಬಿಗಿದು ಕಟ್ಟಿದ, ಗೆರೆ ಎಳೆಯುವ ಮುಳ್ಳನ್ನು ಎಪ್ಪತ್ತಮೂರರಲ್ಲಿ ಸಿಕ್ಕಿಸಿದ. ಒಂದೇ ದಿನ, ಏನೂ ಆಗಲ್ಲ ಅಂದುಕೊಂಡ. ಇಪ್ಪತ್ತು ಮಕ್ಕಳು ಮಲಗಿದವು.

ಮಾವ ತನ್ನ ನೋಟ್‌ಬುಕ್ಕು ಹಿಡಿದು ಅಳಿಯನನ್ನು ಕೇಳಿದ್ದ. ಆ ಒಂದು ಮಗು ಇನ್ನೂ ಎದ್ದಿಲ್ಲ, ಯಾವುದರಿಂದ ಹೀಗಾಯಿತು ಅಂತ ಡಾಕ್ಟರಿಗೆ ಗೊತ್ತಾಗಬೇಕು, ಶುಕ್ರವಾರದೊಳಗೆ ನೀನೇ ಹೋಗಿ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಅಂದಿದ್ದ. ಅಳಿಯ ಗುರುವಾರ ತಂತಿ ಬದಲಿಸಿದ. ಎಲ್ಲರೂ ಇಳಿದ ಮೇಲೆ ಅದನ್ನು ಸರಿಮಾಡಿ, ನೋಟ್‌ಬುಕ್ಕಿನ ಆ ಹಾಳೆ ಹರಿದ. ಬರೀ ಕೈ ಸುಡುತ್ತೆ, ಹೆದರಿ ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ ಅಂತ ಅತ್ತ. ನಾನು ನಂಬಲಿಲ್ಲ. ಮೇಡಂ ಆ ರಾತ್ರಿಯೇ ಮಗುವಿನ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದರು.

ಮರುದಿನ ಆಸ್ಪತ್ರೆಗೆ ಹೋದೆವು. ಮಗಳು ತಂದೆಯ ಮಂಚದ ಪಕ್ಕ ಕೂತಿದ್ದಳು. ಇಬ್ಬರೂ ಅತ್ತು ಮುಗಿಸಿದ್ದರು ಅನ್ನಿಸಿತು.

"ನಿಮಗೆ ಅಲ್ಲೇ ಗೊತ್ತಾಗಿತ್ತು ಅಲ್ವಾ ಮಾಮ?" ಮೇಡಂ ಕೇಳಿದರು. "ಅದಕ್ಕೇ ತಪ್ಪು ನನ್ನದು ಅಂದ್ರಿ."

"ಬೆರಳಿಗೆ ದಾರ ಸಿಕ್ಕಿತ್ತು ತಾಯಿ. ಹಬೆ ಬಂದ ಕೂಡ್ಲೇ ತಿಳೀತು, ತಂತಿಗೆ ಕೈ ಹಾಕಿದ್ದಾರೆ ಅಂತ. ಹಾಗೆ ಮಾಡೋಕೆ ಬರೋದು ಒಬ್ಬನಿಗೇ." ಅವನು ಉಸಿರು ಎಳೆದುಕೊಂಡ. "ಡಾಕ್ಟರಿಗೆ ಹಾಲಿನ ವಿಷಯ ಹೇಳ್ಬೇಕು ಅಂತಿದ್ದೆ. ಅದನ್ನ ಹೇಳಿದ್ರೆ ಇದೂ ಹೊರಗೆ ಬರುತ್ತೆ. ಇವಳ ಸಂಸಾರ... ಹೆತ್ತೋನು ನಾನು. ಬಾಯಿ ಕಟ್ಟಿತು." ಮಗಳ ಕಡೆ ಮುಖ ತಿರುಗಿಸಿದ, ಕಣ್ಣು ಅವಳ ಮೇಲೆ ನೆಡಲಿಲ್ಲ. "ನೀನ್ಯಾಕಮ್ಮ ಹೇಳ್ದೆ? ಸುಮ್ಮನಿದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು ಅಷ್ಟೆ."

"ಗುಟ್ಟು ಹೇಳಿ ನಿಮ್ಮನ್ನ ಸುಟ್ಟೋಳು ನಾನೇ ಅಪ್ಪ. ಮತ್ತೆ ಸುಮ್ಮನಿರೋಕೆ ಆಗ್ಲಿಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲ ಕಡೆ ತಿರುಗಿದರೆ ಬಾಯ್ಲರಣ್ಣ ಬಂದು ನಿಂತಿದ್ದ, ಎರಡೂ ಕೈಗೆ ಬ್ಯಾಂಡೇಜು. ಬೆಳಿಗ್ಗೆಯಷ್ಟೇ ಬಿಟ್ಟಿದ್ದೆವು. ನನ್ನ ಮುಖಕ್ಕೆ ಮುಖ ಕೊಡಲಿಲ್ಲ. ನಾನೂ ಕೊಡಲಿಲ್ಲ.

"ಲೇ ಮಾಮ," ಅಂದ ಒರಟಾಗಿ. "ನೀನು ಬರೋ ತನಕ ತಾರಸಿ ನೋಡ್ಕೋ ಅಂದಿದ್ದಾರೆ ನಂಗೆ. ನಿನ್ನ ಹಾಳು ಕನ್ನಡಿ ಹೇಗೆ ತಿರುಗಿಸ್ಬೇಕೋ ಏನೋ, ಹೇಳು."

ಮಾಮ ಬ್ಯಾಂಡೇಜಿನ ಕೈಯನ್ನು ಮಗಳ ಕಡೆ ತುಸು ಎತ್ತಿದ.

ಮಗಳೇ ಹೇಳಿದಳು.

"ದಾರ ಇರೋ ಗುಂಡಿ ಅಣ್ಣ. ಹನ್ನೆರಡು ಎಣಿಸೋ ತನಕ. ಒತ್ತೋವಾಗ ಕನ್ನಡಿ ನೋಡ್ತಾ ಇರಿ."